ಅಂಗಡಿ ಗಟ್ಟಿಯಾಗಿದೆ, ದಾರಿ ಮುಚ್ಚಿದೆ

ಕೊರೊನಾ ಹರಡಿದ 2020ರ ಬೇಸಿಗೆಯನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ವರ್ತಕರು ಮರೆತಿರಲಾರರು. ಕಂಟೈನ್‌ಮೆಂಟ್ ವಲಯವೆಂದರೆ ಬೀದಿಯ ಎರಡೂ ತುದಿಗೆ ಅಡ್ಡ ಕಟ್ಟಿದ ಮರದ ಗಳ, ಪಕ್ಕದಲ್ಲೊಬ್ಬ ಪೊಲೀಸ್. ಅಂಗಡಿಯ ಗೋಡೆ ಬಿರುಕು ಬಿಟ್ಟಿರಲಿಲ್ಲ, ಸರಕು ನೆನೆದಿರಲಿಲ್ಲ; ಆದರೂ ಬೀಗದ ಕೈ ಜೇಬಿನಲ್ಲಿಟ್ಟುಕೊಂಡ ಮಾಲೀಕರೇ ಒಳಗೆ ಹೋಗುವಂತಿರಲಿಲ್ಲ. 2022ರ ಮಳೆಗಾಲದಲ್ಲಿ ಜಯಮಂಗಲಿ ಉಕ್ಕಿ ಹರಿದಾಗ ಹೊಳೆ ದಾಟಬೇಕಾದವರ ಪಾಡೂ ಇದೇ.

ನಷ್ಟ ಕಣ್ಣಿಗೆ ಕಾಣದಿದ್ದರೆ ಕಾನೂನು ಅದನ್ನು ತಾನಾಗಿ ಗುರುತಿಸುವುದಿಲ್ಲ. ಆ ದಿನಗಳಲ್ಲೇ ಮಾಡಿಟ್ಟ ಕಾಗದ ಬೇಕು. ಇದನ್ನೇ ನಮ್ಮ ವರ್ತಕರು ಕಡೆಗಣಿಸುವುದು.

ದಾರಿ ಮುಚ್ಚುವ ಅಧಿಕಾರ ಬರುವುದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ 34ನೇ ಕಲಮಿನಿಂದ. ಅದು ಇರುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರದ ಕೈಯಲ್ಲಿ. ನಿರ್ದೇಶನ ಮೀರಿದರೆ 51ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು. ಜೀವಹಾನಿಯಾದರೆ ಎರಡು ವರ್ಷದವರೆಗೆ. ಹಾಗಾಗಿ ಹಿಂಬಾಗಿಲಿನಿಂದ ನುಸುಳಬೇಡಿ, ಬರೆದು ಕೇಳಿ. ಲೆಕ್ಕದ ಪುಸ್ತಕ, ಕಂಪ್ಯೂಟರ್, ಕೆಡುವ ಸರಕು ತರಲು ಇಂಥ ದಿನ, ಇಷ್ಟು ಹೊತ್ತು, ಇಷ್ಟು ಜನ ಎಂದು ನಮೂದಿಸಿ ತಹಶೀಲ್ದಾರರಿಗೆ ಅರ್ಜಿ ಕೊಡಿ, ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ನಾಲ್ಕೂ ತಾಲ್ಲೂಕು ಮಧುಗಿರಿ ಉಪವಿಭಾಗಕ್ಕೇ ಸೇರಿರುವುದರಿಂದ ಅಲ್ಲಿ ಕೆಲಸವಾಗದಿದ್ದರೆ ಮಧುಗಿರಿಯ ಉಪವಿಭಾಗಾಧಿಕಾರಿಯನ್ನು ಕಾಣಬಹುದು. ದಾರಿ ಮುಚ್ಚಿದ ಆದೇಶದ ಪ್ರತಿಯನ್ನೂ ಕೇಳಿ ಪಡೆಯಿರಿ. ಈ ಕಾಯ್ದೆಯಡಿಯ ಆದೇಶವನ್ನು ತಾಲ್ಲೂಕಿನ ನ್ಯಾಯಾಲಯದಲ್ಲಿ ಪ್ರಶ್ನಿಸಲು 71ನೇ ಕಲಮು ಬಿಡುವುದಿಲ್ಲ, ಹೈಕೋರ್ಟಿಗೇ ಹೋಗಬೇಕು.

ಬಾಗಿಲು ಮುಚ್ಚಿದ್ದಕ್ಕೆ ಪರಿಹಾರ ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಆದರೆ ನಿಮ್ಮ ಕಲ್ಯಾಣ ಮಂಟಪವನ್ನೋ ಲಾರಿಯನ್ನೋ ಪರಿಹಾರ ಕಾರ್ಯಕ್ಕೆಂದು 65ನೇ ಕಲಮಿನಡಿ ವಶಕ್ಕೆ ಪಡೆದರೆ 66ನೇ ಕಲಮಿನ ಪ್ರಕಾರ ಹಣ ಕೊಡಬೇಕು. ಮೊತ್ತ ಕಡಿಮೆಯೆನಿಸಿದರೆ 30 ದಿನದೊಳಗೆ ಮಧ್ಯಸ್ಥಿಕೆಗೆ ಅರ್ಜಿ ಹಾಕಿ.

ಅಂಗಡಿ ತಲುಪಲಾಗದಿದ್ದರೂ ವ್ಯಾಪಾರ ನಡೆಯಲೇಬೇಕು. ಕಿರಾಣಿ ಅಂಗಡಿಯವರೊಬ್ಬರು ಅನುಮತಿ ಪಡೆದು ಎಣ್ಣೆ ಡಬ್ಬ, ಸಕ್ಕರೆ ಮೂಟೆಗಳನ್ನು ಬಾವಮೈದುನನ ಶೆಡ್ಡಿಗೆ ಸಾಗಿಸುತ್ತಾರೆ ಎಂದುಕೊಳ್ಳಿ. ತಮ್ಮದೇ ಸರಕಾದ್ದರಿಂದ ಬಿಲ್ ಬೇಡ, ಡೆಲಿವರಿ ಚಲನ್ ಸಾಕು. ಮೌಲ್ಯ 50,000 ರೂಪಾಯಿ ದಾಟಿದರೆ ಸಾಮಾನ್ಯವಾಗಿ ಇ-ವೇ ಬಿಲ್ಲೂ ಬೇಕು. ಆ ಶೆಡ್ಡಿನಿಂದಲೇ ಮಾರುವುದಾದರೆ ಅದನ್ನು ಹೆಚ್ಚುವರಿ ವ್ಯವಹಾರ ಸ್ಥಳವೆಂದು 15 ದಿನದೊಳಗೆ ಜಿಎಸ್‌ಟಿ ಪೋರ್ಟಲಿನಲ್ಲಿ ಸೇರಿಸಬೇಕು. ಆಹಾರ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐ ಪರವಾನಗಿಯೂ ವಿಳಾಸಕ್ಕೆ ಅಂಟಿಕೊಂಡಿರುತ್ತದೆ, ಮರೆಯಬೇಡಿ.

ವಿಮೆಯ ವಿಚಾರದಲ್ಲಿ ಅನೇಕರಿಗೆ ತಪ್ಪು ಕಲ್ಪನೆಯಿದೆ. 5 ಕೋಟಿ ರೂಪಾಯಿವರೆಗಿನ ಆಸ್ತಿಗೆ 2021ರ ಏಪ್ರಿಲ್‌ನಲ್ಲಿ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿ ಬೆಂಕಿ, ಪ್ರವಾಹದಿಂದ ಕಟ್ಟಡಕ್ಕೂ ಸರಕಿಗೂ ಆದ ಹಾನಿ ತುಂಬುತ್ತದೆ. ವ್ಯಾಪಾರ ನಿಂತು ಹೋದ ಲಾಭಕ್ಕೆ ಬೇರೆಯೇ ರಕ್ಷಣೆ ಕೊಳ್ಳಬೇಕು. ಹಾನಿಯಿಲ್ಲದೆ ದಾರಿ ಮಾತ್ರ ಮುಚ್ಚಿದ್ದಕ್ಕೆ ಅದರಲ್ಲೂ ಪ್ರತ್ಯೇಕ ಷರತ್ತು ಬರೆಸಬೇಕು. ನವೀಕರಣದ ಹೊತ್ತಿಗೆ ಏಜೆಂಟರನ್ನು ಇದೊಂದು ಪ್ರಶ್ನೆ ತಪ್ಪದೆ ಕೇಳಿ. ಸರಕು ಸ್ಥಳಾಂತರಿಸುವ ಮುನ್ನ ಕಂಪನಿಗೆ ಇಮೇಲ್ ಹಾಕಿ, ಏಕೆಂದರೆ ಪಾಲಿಸಿಯಲ್ಲಿರುವುದು ಹಳೆಯ ವಿಳಾಸ. ಕ್ಲೇಮು ತಿರಸ್ಕೃತವಾದರೆ ಸೂಕ್ಷ್ಮ ಉದ್ದಿಮೆದಾರರು ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರಬಹುದು, ಶುಲ್ಕವಿಲ್ಲ. ವ್ಯಾಪಾರಿಗಳಿಗೆ ಗ್ರಾಹಕ ಆಯೋಗವಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ; ನಷ್ಟ ತುಂಬಿಕೊಳ್ಳಲು ವಿಮೆ ಮಾಡಿಸಿದ ವ್ಯಾಪಾರಿಯೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹರ್ಸೋಲಿಯಾ ಮೋಟಾರ್ಸ್ ಪ್ರಕರಣದಲ್ಲಿ ಹೇಳಿದೆ.

ಇನ್ನು ಬಾಡಿಗೆ. ಮಳಿಗೆ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಮಾತ್ರ, ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಡಿ ಬಾಡಿಗೆದಾರರು ಗುತ್ತಿಗೆ ಕೈಬಿಡಬಹುದು. ಲಾಕ್‌ಡೌನ್ ತಿಂಗಳುಗಳ ಬಾಡಿಗೆ ತಡೆಹಿಡಿಯಬೇಕೆಂದು ಖಾನ್ ಮಾರ್ಕೆಟ್‌ನ ಬಾಡಿಗೆದಾರರು ಕೇಳಿದ್ದನ್ನು ದೆಹಲಿ ಹೈಕೋರ್ಟ್ 2020ರ ಮೇನಲ್ಲಿ ಒಪ್ಪಲಿಲ್ಲ. ಮಳಿಗೆಯ ಮಾಲೀಕರು ಎರಡು ತಿಂಗಳು ಬಿಡುತ್ತೇನೆಂದು ಬಾಯಿಮಾತಿನಲ್ಲಿ ಒಪ್ಪಿದರೆ, ಅಂದೇ ಸಂಜೆ ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ.