ಮಗುವಿಗೆ ಇಂಗ್ಲಿಷ್ ತೊಡಕೋ, ವಾಕ್ಯವೇ ತೊಡಕೋ?

ಅಮೆರಿಕಕ್ಕೆ ಬಂದು ಮಗುವನ್ನು ಶಾಲೆಗೆ ಸೇರಿಸಿದ ಕೆಲವೇ ತಿಂಗಳಲ್ಲಿ ಟೀಚರ್ ಕರೆದು, "ಹೇಳಿದ್ದು ಇವನಿಗೆ ಅರ್ಥವಾಗುತ್ತಿಲ್ಲ" ಅಂದರೆ, ಇಂಗ್ಲಿಷ್ ಹೊಸದು, ತಾನಾಗೇ ಸರಿಹೋಗುತ್ತೆ ಅಂದುಕೊಳ್ಳುತ್ತೇವೆ. ಎಷ್ಟೋ ಮಕ್ಕಳ ವಿಷಯದಲ್ಲಿ ಅದು ನಿಜ. ಆದರೆ ಮನೆಯಲ್ಲಿ ಕನ್ನಡದ ವಾಕ್ಯಗಳಲ್ಲೂ ಮಗು ಎಡವುತ್ತಿದ್ದರೆ ಸುಮ್ಮನೆ ಕಾಯಬೇಡಿ.

ಕಿವಿ ಚೆನ್ನಾಗಿ ಕೇಳುತ್ತಿದ್ದರೂ, ಆಟಿಸಂನಂಥ ಕಾರಣ ಇಲ್ಲದಿದ್ದರೂ ಕೆಲವು ಮಕ್ಕಳಿಗೆ ಭಾಷೆ ಸಲೀಸಾಗಿ ಹತ್ತುವುದಿಲ್ಲ. ಇದನ್ನು ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್, ಚಿಕ್ಕದಾಗಿ ಡಿಎಲ್‌ಡಿ, ಎನ್ನುತ್ತಾರೆ. ನೂರು ಮಕ್ಕಳಲ್ಲಿ ಸುಮಾರು 7 ಮಕ್ಕಳಿಗೆ ಇದು ಇರುತ್ತದೆ. ಎರಡು ಭಾಷೆ ಆಡುವುದರಿಂದ ಇದು ಬರುವುದಿಲ್ಲ. ಇದ್ದರೆ ಮಗು ಆಡುವ ಎರಡೂ ಭಾಷೆಗಳಲ್ಲಿ ಕಾಣುತ್ತದೆ.

ಮನೆಯಲ್ಲಿ ಏನು ಗಮನಿಸಬೇಕು?

"ಪುಟ್ಟ ಇಡ್ಲಿ ತಿಂದ" ಎಂಬುದನ್ನು ಬಿಡಿ ಪದಗಳಿಂದಲೇ ಊಹಿಸಬಹುದು. ಇಡ್ಲಿ ಪುಟ್ಟನನ್ನು ತಿನ್ನುವುದಿಲ್ಲ. ಆಟಿಕೆಗಳನ್ನು ಮುಂದಿಟ್ಟು "ಆನೆಯನ್ನು ಕುದುರೆ ತಳ್ಳಿತು, ತೋರಿಸು" ಅನ್ನಿ. ಇಲ್ಲಿ ಊಹೆ ನಡೆಯದು, ವಿಭಕ್ತಿಯನ್ನೇ ಹಿಡಿಯಬೇಕು. ಮೊದಲು ಕೇಳಿದ ಆನೆಯೇ ತಳ್ಳಿತೆಂದು ಮಗು ತೋರಿಸಬಹುದು. "ಬೂಟು ಹಾಕುವ ಮುಂಚೆ ಲೈಟ್ ಆರಿಸು" ಅಂದರೆ ಮೊದಲು ಬೂಟಿಗೆ ಕೈ ಹಾಕಬಹುದು. ಚಿಕ್ಕ ಮಕ್ಕಳು ಇಂಥದ್ದರಲ್ಲಿ ತಪ್ಪುವುದು ಸಹಜ. ಶಾಲೆಗೆ ಹೋಗುವ ವಯಸ್ಸಿನಲ್ಲೂ ಮತ್ತೆ ಮತ್ತೆ ಹೀಗಾದರೆ ಬರೆದಿಟ್ಟುಕೊಳ್ಳಿ. ಊರಲ್ಲಿದ್ದಾಗ ಮಾತು ತಡವಾಗಿತ್ತೇ ಎಂದು ಅಜ್ಜಿ-ತಾತನನ್ನೂ ಕೇಳಿ. ಇದು ಪರೀಕ್ಷೆಯಲ್ಲ, ತಜ್ಞರಿಗೆ ಹೇಳಲು ಬೇಕಾದ ವಿವರ ಅಷ್ಟೆ.

ಮುಂದೇನು?

ಮೊದಲು ಮಕ್ಕಳ ಡಾಕ್ಟರಿಗೆ ಹೇಳಿ ಶ್ರವಣ ಪರೀಕ್ಷೆ ಮಾಡಿಸಿ. ಆಮೇಲೆ, ಮಗುವಿಗೆ 3 ವರ್ಷ ತುಂಬಿದ್ದರೆ, ಭಾಷೆಯ ಮೌಲ್ಯಮಾಪನ ಬೇಕೆಂದು ನಿಮ್ಮ ಪ್ರದೇಶದ ಸರ್ಕಾರಿ ಶಾಲೆಗೆ ಬರೆದು ಕೊಡಿ. ಒಂದು ಪ್ರತಿ ನಿಮ್ಮ ಬಳಿ ಇರಲಿ. ಐಡಿಇಎ ಎಂಬ ಕೇಂದ್ರ ಕಾನೂನಿನ ಪ್ರಕಾರ ಇದಕ್ಕೆ ದುಡ್ಡಿಲ್ಲ, ವೀಸಾ ಯಾವುದೆಂಬುದೂ ಅಡ್ಡಿಯಲ್ಲ. ಮೌಲ್ಯಮಾಪನಕ್ಕೆ ನೀವು ಒಪ್ಪಿ ಸಹಿ ಹಾಕಿದ ಮೇಲೆ 60 ದಿನಗಳ ಗಡುವಿದೆ. ಕೆಲವು ರಾಜ್ಯಗಳು ತಮ್ಮದೇ ಗಡುವು ಇಟ್ಟುಕೊಂಡಿವೆ. 3 ವರ್ಷದೊಳಗಿನ ಮಕ್ಕಳಿಗೆ ರಾಜ್ಯದ ಅರ್ಲಿ ಇಂಟರ್ವೆನ್ಷನ್ ವ್ಯವಸ್ಥೆ ಇದೆ.

"ಮೊದಲು ಇಂಗ್ಲಿಷ್ ಕಲಿಯಲಿ, ಆಮೇಲೆ ನೋಡೋಣ" ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಸಾಧ್ಯವಿದ್ದಷ್ಟೂ ಮಗುವಿನ ಭಾಷೆಯಲ್ಲೇ ಪರೀಕ್ಷಿಸಬೇಕೆಂದು ಅದೇ ಕಾನೂನು ಹೇಳುತ್ತದೆ. ಕನ್ನಡ ದುಭಾಷಿಯನ್ನು ಕೇಳಿ. ಬೇಸಿಗೆ ರಜೆಗೆ ಊರಿಗೆ ಹೋಗುವವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನೂ ವಿಚಾರಿಸಬಹುದು. 1965ರಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ಕನ್ನಡ ಬಲ್ಲ ತಜ್ಞರಿದ್ದಾರೆ.

ಮನೆಯಲ್ಲಿ ಮಾತು ಹೇಗಿರಲಿ?

ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. "ಮುಂಚೆ", "ಆಮೇಲೆ" ಬರುವ ವಾಕ್ಯವನ್ನು ಒಡೆದು, ಕೆಲಸ ನಡೆಯಬೇಕಾದ ಕ್ರಮದಲ್ಲೇ ಹೇಳಿ: "ಲೈಟ್ ಆರಿಸು. ಈಗ ಬೂಟು ಹಾಕ್ಕೋ." ಉತ್ತರಕ್ಕೆ ಸ್ವಲ್ಪ ಹೊತ್ತು ಕೊಡಿ. "ಅರ್ಥವಾಯ್ತಾ?" ಅಂದರೆ ಮಗು ಹೂಂ ಅನ್ನುತ್ತದೆ, "ಏನು ಹೇಳಿದೆ, ಹೇಳು ನೋಡೋಣ" ಅನ್ನುವುದೇ ವಾಸಿ.

ಗೊಂದಲವಾದೀತೆಂದು ಕನ್ನಡ ಮಾತ್ರ ನಿಲ್ಲಿಸಬೇಡಿ. ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಮಗುವಿಗೆ ತುಂಬು ವಾಕ್ಯಗಳು ಸಿಗುತ್ತವೆ, ಈ ಮಕ್ಕಳಿಗೆ ಬೇಕಿರುವುದೂ ಅದೇ.