ಒಂದನೆಯ ತರಗತಿಯ ಮಗುವೂ ಅದರ ಮನೆಯೂ

ನಮ್ಮ ಸೀಮೆಯ ಹಳ್ಳಿಗಳಲ್ಲಿ ಮಗುವಿನ ಶಾಲಾಪ್ರವೇಶವನ್ನು ಹೇಳುವುದಕ್ಕೆ ಮೂರು ಮಾತುಗಳು ಬಳಕೆಯಲ್ಲಿವೆ. ‘ಇಸ್ಕೂಲಿಗೆ ಸೇರಿಸಿದೆವು’ ಎನ್ನುವವರುಂಟು. ‘ಇಸ್ಕೂಲಿಗೆ ಹಾಕಿದೆವು’ ಎನ್ನುವವರು ಇನ್ನೂ ಹೆಚ್ಚು. ಬೆಳಗಿನ ಹೊತ್ತು ಕೂಲಿಗೆ ಹೊರಟ ತಾಯಿ ‘ಕೂಸ ಬಿಟ್ಬುಟ್ಟು ಬತ್ತೀನಿ’ ಎನ್ನುವುದನ್ನೂ ಕೇಳಿದ್ದೇವೆ. ಸೇರಿಸುವುದು, ಹಾಕುವುದು, ಬಿಡುವುದು ಎಂಬ ಈ ಮೂರು ಕ್ರಿಯೆಗಳಿಗೂ ಕರ್ತೃಸ್ಥಾನದಲ್ಲಿರುವವರು ಮನೆಯವರೇ. ಹಾಗಾದರೆ ಶಾಲೆಯು ಕರ್ತೃವಾಗಬೇಕಾದ ಕ್ರಿಯಾಪದ ಯಾವುದು? ಅದು ‘ಬರಮಾಡಿಕೊಳ್ಳು’ ಎಂಬುದು. ಕನ್ನಡದಲ್ಲಿ ಬೀಗರನ್ನು ಬರಮಾಡಿಕೊಳ್ಳುತ್ತೇವೆ, ಗುರುಹಿರಿಯರನ್ನು ಬರಮಾಡಿಕೊಳ್ಳುತ್ತೇವೆ; ಒಬ್ಬೊಂಟಿಯಾದ ಕೂಸನ್ನು ಬರಮಾಡಿಕೊಂಡೆವೆಂದು ಹೇಳುವ ವಾಡಿಕೆಯಿಲ್ಲ. ಆ ಪದಕ್ಕೆ ಒಂದು ಮನೆತನವೇ ಕರ್ಮವಾಗಿ ಬೇಕು. ಒಂದನೆಯ ತರಗತಿಗೆ ಪ್ರತಿವರ್ಷವೂ ಬರುವುದು ಮಗುವೊಂದೇ ಅಲ್ಲ, ಅದರ ಹಿಂದೆ ಒಂದು ಮನೆಯೂ ಬರುತ್ತದೆ ಎಂಬುದನ್ನು ನಾವು ಅಧ್ಯಾಪಕರು ಎಷ್ಟರಮಟ್ಟಿಗೆ ಅರಿತಿದ್ದೇವೆ ಎಂಬುದೇ ಪ್ರಕೃತ ಲೇಖನದ ವಿಚಾರ.

ಹಿಂದಿನ ಕೂಲಿಮಠಗಳಲ್ಲಿ ಈ ಅರಿವಿತ್ತು. ಕೂಲಿಮಠವೆಂದರೆ ಐಗಳಿಗೆ ಮನೆಮನೆಯವರು ಕಾಳು, ಕಾಸುಗಳನ್ನು ಪ್ರತಿಫಲವಾಗಿ ಕೊಟ್ಟು ನಡೆಸಿಕೊಂಡು ಬಂದ ಓದುಮನೆ. ಅಕ್ಷರಾಭ್ಯಾಸದ ದಿನ ತಂದೆತಾಯಿಗಳು ಮಗುವಿನೊಡನೆ ತಾಂಬೂಲವನ್ನು ತರುತ್ತಿದ್ದರು. ಉಳಿದ ಮಕ್ಕಳಿಗೆ ಬೆಲ್ಲ, ಕಡಲೆಗಳನ್ನು ಹಂಚುತ್ತಿದ್ದರು. ಹರಿವಾಣದಲ್ಲಿ ಹರಡಿದ ಅಕ್ಕಿಯ ಮೇಲೆ ಮಗುವಿನ ಬೆರಳನ್ನು ಹಿಡಿದು ಮೊದಲ ಅಕ್ಷರವನ್ನು ಬರೆಯಿಸಲಾಗುತ್ತಿತ್ತು. ಅನಂತರ ನೆಲದ ಮೇಲಣ ಮರಳು, ಮುಂದೆ ಬಳಪ ಹಾಗೂ ಕಡತ. ಕಡತವನ್ನು ಕಾಣದ ಇಂದಿನ ವಾಚಕರಿಗಾಗಿ ಒಂದು ಮಾತು: ಬಟ್ಟೆಗೆ ಇದ್ದಿಲು ಬೆರೆತ ಸರಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕವದು, ಅದರ ಮೇಲೆ ಬಳಪದಿಂದ ಬರೆದು, ಅಳಿಸಿ, ಮತ್ತೆ ಬರೆಯಬಹುದಾಗಿತ್ತು.

ಈ ಮೊದಲ ಬರವಣಿಗೆಗೆ ನಮ್ಮ ಭಾಷೆಯಲ್ಲಿರುವ ಹೆಸರು ‘ತಿದ್ದುವುದು’. ಓನಾಮ ತಿದ್ದುವುದು, ಅಕ್ಷರ ತಿದ್ದುವುದು. ಐಗಳು ಬರೆದುಕೊಟ್ಟ ಅಕ್ಷರದ ಮೇಲೆಯೇ ಮಗು ಮತ್ತೆ ಮತ್ತೆ ಬೆರಳಾಡಿಸುತ್ತದೆ. ತಪ್ಪನ್ನು ಸರಿಪಡಿಸುವುದಕ್ಕೂ ನಾವು ‘ತಿದ್ದುವುದು’ ಎಂದೇ ಹೇಳುತ್ತೇವೆ. ಒಂದೇ ಧಾತು, ಎರಡು ಕೆಲಸ. ಒಂದರಲ್ಲಿ ಗುರುವಿನ ಕೈ ಮಗುವಿನ ಕೈಯ ಮೇಲಿರುತ್ತದೆ, ಇನ್ನೊಂದರಲ್ಲಿ ಕೆಂಪು ಶಾಯಿಯ ಲೇಖನಿಯ ಮೇಲಿರುತ್ತದೆ. ಮೊದಲ ದಿನವೇ ಎರಡನೆಯ ಅರ್ಥದ ಕೆಲಸಕ್ಕೆ ಕೈಹಾಕಿ ಕೆಟ್ಟವರಲ್ಲಿ ನಾನೂ ಒಬ್ಬ. ಆ ಸಂಗತಿ ಮುಂದೆ ಬರುತ್ತದೆ.

ಕೂಲಿಮಠಗಳನ್ನು ಅತಿಯಾಗಿ ಹೊಗಳುವುದೂ ತರವಲ್ಲ. ಅಲ್ಲಿ ಎಲ್ಲ ಮನೆಗಳಿಗೂ ಬಾಗಿಲು ತೆರೆದಿರಲಿಲ್ಲ. ಕಾಳುಕಾಸಿಗೆ ಗತಿಯಿಲ್ಲದವರಿಗೂ, ಊರಾಚೆಯ ಕೇರಿಯವರಿಗೂ, ಬಹುಮಟ್ಟಿಗೆ ಹೆಣ್ಣುಮಕ್ಕಳಿಗೂ ಅದು ಮುಚ್ಚಿದ ಬಾಗಿಲೇ. ಆ ಬಾಗಿಲನ್ನು ತೆರೆಯಲು ಪ್ರಭುತ್ವವೇ ಮುಂದಾಗಬೇಕಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1913ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದು ಕಡ್ಡಾಯ ಶಿಕ್ಷಣಕ್ಕೆ ಅಡಿಗಲ್ಲಾಯಿತು. ಕಾಯಿದೆಯು ಮನೆಯೊಡನೆ ಆಡುವುದು ಆಜ್ಞೆಯ ಧ್ವನಿಯಲ್ಲಿ. ಅದು ತಪ್ಪಲ್ಲ, ಅದರ ಸ್ವಭಾವವೇ ಹಾಗೆ. ಆ ಧ್ವನಿಯನ್ನು ಬಾಗಿಲಲ್ಲಿ ನಿಂತು ಮೃದುಗೊಳಿಸಬೇಕಾದವನು ಅಧ್ಯಾಪಕ.

ತಿರುಮಕೂಡಲು ನರಸೀಪುರ ತಾಲ್ಲೂಕಿನ ಹೆಮ್ಮಿಗೆಯಂಥ ಊರನ್ನೇ ನಿದರ್ಶನವಾಗಿಟ್ಟುಕೊಳ್ಳೋಣ. ಕಪಿಲೆಯನ್ನು ಕೂಡಿಕೊಂಡ ಕಾವೇರಿಯು ತಲಕಾಡಿನ ಮರಳ ದಿಬ್ಬಗಳತ್ತ ಸಾಗುವ ಭೂಭಾಗವದು, ಬತ್ತದ ಸೀಮೆ. ಅಲ್ಲಿ ಮಾತ್ರವಲ್ಲ, ನಾಡಿನ ಎಲ್ಲ ಸರ್ಕಾರಿ ಶಾಲೆಗಳಲ್ಲಿಯೂ ಮೇ ತಿಂಗಳ ಕೊನೆ ಅಥವಾ ಜೂನ್ ಮೊದಲಿಗೆ ‘ಶಾಲಾ ಪ್ರಾರಂಭೋತ್ಸವ’ ನಡೆಯುತ್ತದೆ. ಬಾಗಿಲಿಗೆ ಮಾವಿನ ತೋರಣ, ಅಂಗಳಕ್ಕೆ ರಂಗವಲ್ಲಿ, ಮಕ್ಕಳ ಕೈಗೆ ಹೂವು, ಬಾಯಿಗೆ ಸಿಹಿ. ಕೆಲವು ಊರುಗಳಲ್ಲಿ ಹೊಸ ಮಕ್ಕಳನ್ನು ಸಿಂಗರಿಸಿದ ಎತ್ತಿನ ಗಾಡಿಯಲ್ಲಿ ಕೂರಿಸಿ ಮೆರವಣಿಗೆ ಮಾಡಿಸುವುದೂ ಉಂಟು. ನೋಡಲು ಇದು ಸೊಗಸೇ ಸರಿ. ಆದರೆ ಭಾವಚಿತ್ರ ತೆಗೆದಾದ ಮೇಲೆ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಗೋಡೆಯ ನೆರಳಿಗೆ ನಿಂತ ತಾಯಂದಿರೊಡನೆ ಯಾರಾದರೂ ಮಾತನಾಡಿದರೆ ಎಂಬುದನ್ನು ಕೇಳಿ ನೋಡಬೇಕು. ವೇದಿಕೆಯ ಮೇಲಿನ ಭಾಷಣವು ಅವರನ್ನು ಕುರಿತದ್ದೇ ಆದರೂ ಅವರೊಡನೆ ಆಡಿದ ಮಾತಲ್ಲ.

ಇನ್ನು ನನ್ನ ತಪ್ಪನ್ನು ಹೇಳುತ್ತೇನೆ. ಮೂವತ್ತು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ, ಪ್ರೌಢಶಾಲೆಯ ಕನ್ನಡ ಪಂಡಿತನಾಗಿದ್ದ ನನ್ನನ್ನು ಪಕ್ಕದ ಪ್ರಾಥಮಿಕ ಶಾಲೆಯ ದಾಖಲಾತಿಯ ಮೇಜಿನ ಮುಂದೆ ಕೂರಿಸಿದ್ದರು. ಒಬ್ಬ ತಾಯಿ ಹೆಣ್ಣು ಮಗುವೊಂದನ್ನು ಕರೆತಂದರು. ಮಗುವಿನ ಸಂಕೋಚ ಕಳೆಯಲೆಂದು ‘ಬೆಳಿಗ್ಗೆ ಏನು ತಿಂದು ಬಂದೆಯಮ್ಮ?’ ಎಂದು ಕೇಳಿದೆ. ‘ಆಲು ಕುಡ್ದು ಬಂದಿವ್ನಿ’ ಎಂದಿತು. ‘ಆಲು ಅಲ್ಲಮ್ಮ, ಹಾಲು. ಎಲ್ಲಿ, ಹೇಳು, ಹಾಲು’ ಎಂದೆ. ಮಗು ತಾಯಿಯ ಮುಖ ನೋಡಿತು. ತಾಯಿಯು ಮಗುವಿಗೆ ನೆರವಾಗಲೆಂದು ‘ಆಲು ಅನ್ನವ್ವ, ಮೇಷ್ಟ್ರು ಏಳ್ತಾವ್ರೆ’ ಎಂದರು. ಸುತ್ತ ನಿಂತಿದ್ದವರು ನಕ್ಕರು. ನಾನೂ ನಕ್ಕೆ.

ವಿದ್ವತ್ ಪರೀಕ್ಷೆಗೆಂದು ಭಾಷಾಚರಿತ್ರೆಯನ್ನು ಉರು ಹೊಡೆದ ನನಗೆ ಆ ನಗು ಸಲ್ಲುತ್ತಿರಲಿಲ್ಲ. ಹಳಗನ್ನಡದಲ್ಲಿ ಆ ಪದ ‘ಪಾಲ್’. ಹತ್ತನೆಯ ಶತಮಾನದ ಸುಮಾರಿನಿಂದ ಶಾಸನಗಳಲ್ಲಿ ಪಕಾರದ ಸ್ಥಾನಕ್ಕೆ ಹಕಾರವು ಬರತೊಡಗಿ ನಡುಗನ್ನಡದಲ್ಲಿ ನೆಲೆನಿಂತಿತು. ಪಾಲ್ ಹೋಗಿ ಹಾಲು, ಪಳ್ಳಿ ಹೋಗಿ ಹಳ್ಳಿ, ಪೂ ಹೋಗಿ ಹೂ ಆಯಿತು. ನಮ್ಮ ಸೀಮೆಯ ಒಕ್ಕಲು ಜನರ ನಾಲಗೆಯು ಆ ಹಕಾರವನ್ನೂ ಬಿಟ್ಟು ಮುಂದಕ್ಕೆ ನಡೆದಿದೆ: ಆಲು, ಅಳ್ಳಿ, ಊವು. ಹೆಮ್ಮಿಗೆಯನ್ನು ‘ಎಮ್ಮಿಗೆ’ ಎನ್ನುವ ಬಾಯಿಯೂ ಅದೇ. ಪಂಪನ ಕಾಲದವರು ಬಂದು ನಮ್ಮ ‘ಹಾಲು’ ಎಂಬ ಉಚ್ಚಾರವನ್ನು ಕೇಳಿದ್ದರೆ ಅವರೂ ನಗಬಹುದಾಗಿತ್ತು. ಗ್ರಂಥಸ್ಥ ರೂಪವನ್ನು ಮಗು ಕಲಿಯಬೇಕು, ಅದರಲ್ಲಿ ಸಂದೇಹವಿಲ್ಲ. ಬರೆಯುವಾಗ ಹಕಾರ ಬೇಕೇ ಬೇಕು. ಆದರೆ ಅದಕ್ಕೆ ಮುಂದೆ ಹತ್ತು ವರ್ಷಗಳ ಅವಕಾಶವಿತ್ತು. ತಾಯಿಯ ಎದುರಿನಲ್ಲಿ ತಾಯ್ನುಡಿಯನ್ನು ತಿದ್ದಲು ಹೋದ ನಾನು, ಆಕೆ ಮಗುವಿಗೆ ಕೊಟ್ಟು ಕಳುಹಿಸಿದ್ದ ಒಂದೇ ಬುತ್ತಿಯನ್ನು ಹಳಸಿದ್ದೆಂದು ಪಕ್ಕಕ್ಕೆ ಸರಿಸಿದಂತಾಯಿತು.

ಮಾತಿನ ವಿಷಯ ಹೀಗಾದರೆ, ಅಕ್ಷರದ ವಿಷಯದಲ್ಲಿ ಮನೆಗೂ ಶಾಲೆಗೂ ಇನ್ನೊಂದು ಬಗೆಯ ಅಂತರ ಹುಟ್ಟಿಕೊಂಡಿದೆ. ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ, ಯುನಿಸೆಫ್ ಸಂಸ್ಥೆಯ ನೆರವಿನಿಂದ, ‘ನಲಿಕಲಿ’ ಎಂಬ ಬೋಧನಾಕ್ರಮ ಆರಂಭವಾಯಿತು. ಆಂಧ್ರಪ್ರದೇಶದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡುಬಂದ ನಮ್ಮ ಅಧ್ಯಾಪಕರೇ ಅದನ್ನು ಇಲ್ಲಿಗೆ ಒಗ್ಗಿಸಿದರು. 2009-10ರಲ್ಲಿ ಅದು ನಾಡಿನ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆಲ್ಲ ವಿಸ್ತರಿಸಿತು. ಅಲ್ಲಿ ಮಕ್ಕಳು ಸಾಲಾಗಿ ಅಲ್ಲ, ಗುಂಪಾಗಿ ಕೂರುತ್ತಾರೆ. ಕಲಿಕೆಯ ಏಣಿಯಲ್ಲಿ ಒಂದೊಂದೇ ಮೆಟ್ಟಿಲನ್ನು ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ಗೋಡೆಯ ಕೆಳಭಾಗದಲ್ಲಿ ಅವರ ಕೈಗೆಟಕುವ ಕಪ್ಪುಹಲಗೆಯಿರುತ್ತದೆ. ಮೇಲೆ ಚಪ್ಪರದಂತೆ ಕಟ್ಟಿದ ದಾರಗಳಲ್ಲಿ ಅವರ ಚಿತ್ರಗಳು ತೂಗುತ್ತವೆ. ಅಕ್ಷರಗಳು ಅ ಆ ಇ ಈ ಎಂಬ ಕ್ರಮದಲ್ಲಿ ಬರುವುದಿಲ್ಲ. ಮೊದಲು ಬರುವುವು ‘ರ ಗ ಸ ದ ಅ’.

ನಾನು ಇದನ್ನು ಮೊದಲು ಕೇಳಿದಾಗ ಕೋಪಗೊಂಡೆನೆಂದು ಒಪ್ಪಿಕೊಳ್ಳಬೇಕು. ವರ್ಣಮಾಲೆಯು ಉಚ್ಚಾರಣಸ್ಥಾನಗಳನ್ನು ಅನುಸರಿಸಿ, ಕಂಠದಿಂದ ತುಟಿಯವರೆಗೆ ಶಾಸ್ತ್ರೋಕ್ತವಾಗಿ ಜೋಡಿಸಿದ ಮಾಲೆ. ಅದನ್ನು ಹರಿದು ಚೆಲ್ಲುವುದೆ? ನಿಧಾನವಾಗಿ ವಿಚಾರ ಮಾಡಿದಾಗ ತಿಳಿಯಿತು, ವ್ಯಾಕರಣದ ಕ್ರಮ ಬೇರೆ, ಎಳೆಯ ಬೆರಳಿನ ಕ್ರಮ ಬೇರೆ. ‘ರ’ವನ್ನು ಬರೆಯಬಲ್ಲ ಕೈಗೆ ‘ಗ, ಸ, ದ’ಗಳು ದೂರದವಲ್ಲ. ಐದು ಅಕ್ಷರಗಳಲ್ಲಿಯೇ ಸರ, ರಸ, ಅರಸ, ಅಗಸ, ಗರಗಸ ಎಂಬ ಪದಗಳು ಮಗುವಿನ ಕೈವಶವಾಗುತ್ತವೆ. ಅ ಆ ಇ ಈ ನಾಲ್ಕನ್ನು ಕಲಿತ ಮಗು ಅಷ್ಟು ಪದಗಳನ್ನು ಓದಲಾರದು.

ಆದರೆ ಇದನ್ನು ಮನೆಯವರಿಗೆ ಹೇಳಿದವರಾರು? ಹೊಸದರಲ್ಲಿ ಒಬ್ಬ ಅಜ್ಜ ಕೋಲೂರಿಕೊಂಡು ಶಾಲೆಗೆ ಬಂದು, ‘ಏನ್ ಮೇಷ್ಟ್ರೇ, ಎರಡು ತಿಂಗಳಾಯ್ತು, ನಮ್ಮ ಕೂಸಿಗೆ ಅ, ಆ ಕೂಡ ಬರಾಕಿಲ್ಲ’ ಎಂದು ಜಗಲಿಯ ಮೇಲೆ ಕುಳಿತುಬಿಟ್ಟರು. ಮನೆಯಲ್ಲಿ ಅವರೇ ಮೊಮ್ಮಗನಿಗೆ ಹಳೆಯ ಕ್ರಮದಲ್ಲಿ ತಿದ್ದಿಸಲು ಕೂತು, ಹುಡುಗ ‘ಮಿಸ್ಸು ಹಂಗೆ ಹೇಳ್ಕೊಟ್ಟಿಲ್ಲ’ ಎಂದು ಅಳುತ್ತ ಎದ್ದುಹೋಗಿದ್ದನಂತೆ. ಅಧ್ಯಾಪಕಿ ಹುಡುಗನನ್ನು ಕರೆದು ನೆಲದ ಮಣ್ಣಿನಲ್ಲಿ ‘ಗರಗಸ’ ಎಂದು ಬರೆಯಿಸಿದರು. ಅಜ್ಜ ಬಗ್ಗಿ ಕೂಡಿಸಿ ಕೂಡಿಸಿ ಓದಿದರು. ‘ಅಂತೂ ಅ ಅನ್ನೋದು ಐದನೆಯದಾಗಾದ್ರೂ ಬತ್ತದಲ್ಲ’ ಎಂದು ಎದ್ದು ಹೊರಟರು. ಪೂರ್ತಿ ಒಪ್ಪಿದರೆಂದು ನನಗೆ ತೋರಲಿಲ್ಲ; ಆದರೆ ಮರುದಿನದಿಂದ ಮೊಮ್ಮಗನಿಗೆ ಶಾಲೆಯ ಕ್ರಮದಲ್ಲಿಯೇ ತಿದ್ದಿಸಿದರೆಂದು ಕೇಳಿದೆ. ಹತ್ತು ನಿಮಿಷದ ಈ ಮಾತು ಜೂನ್ ತಿಂಗಳಿನಲ್ಲಿಯೇ ಆಗಿದ್ದರೆ ಎರಡು ತಿಂಗಳ ಕಹಿ ಉಳಿಯುತ್ತಿತ್ತು.

ಮನೆಯವರು ಮೊದಲೇ ತಿಳಿದಿರಬೇಕಾದ ಇನ್ನು ಕೆಲವು ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಬಹುದು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 13ನೆಯ ಪ್ರಕರಣದಂತೆ ಪ್ರವೇಶಕ್ಕಾಗಿ ಮಗುವನ್ನಾಗಲಿ, ತಂದೆತಾಯಿಗಳನ್ನಾಗಲಿ ಪರೀಕ್ಷೆಗೆ ಗುರಿಮಾಡಕೂಡದು. 14ನೆಯ ಪ್ರಕರಣದಂತೆ ವಯಸ್ಸಿನ ದಾಖಲೆಯಿಲ್ಲವೆಂಬ ಕಾರಣಕ್ಕೆ ಮಗುವನ್ನು ಹಿಂದಕ್ಕೆ ಕಳುಹಿಸಕೂಡದು. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ನಮ್ಮ ಸರ್ಕಾರ 2022ರಲ್ಲಿ ಆಜ್ಞೆ ಮಾಡಿತು. 2025-26ನೆಯ ಒಂದು ಸಾಲಿಗೆ ಮಾತ್ರ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಮಧ್ಯಾಹ್ನದ ಊಟದ ‘ಅಕ್ಷರ ದಾಸೋಹ’ 2002ರ ಜೂನ್‌ನಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಮೊದಲಾಗಿ ಮರುವರ್ಷ ಉಳಿದೆಡೆಗೂ ಬಂತು. ಆ ಹೆಸರಿನಲ್ಲಿ ‘ದಾಸೋಹ’ವೆಂಬ ಪದವನ್ನು ಇಟ್ಟವರು ಔಚಿತ್ಯವನ್ನರಿತವರು, ಉಣಿಸುವವನು ತಾನು ಕೊಡುತ್ತಿದ್ದೇನೆಂದು ಬೀಗದೆ, ಉಣ್ಣುವವನು ಬೇಡುತ್ತಿದ್ದೇನೆಂದು ಕುಗ್ಗದೆ ನಡೆಯುವ ಕ್ರಿಯೆಗೆ ಶರಣರು ಬಳಸಿದ ಮಾತು ಅದು. 2013ರ ಆಗಸ್ಟ್‌ನಿಂದ ‘ಕ್ಷೀರಭಾಗ್ಯ’ವೆಂಬ ಹೆಸರಿನಲ್ಲಿ ಹಾಲೂ ಸೇರಿತು. ಶಾಲೆಯ ಲೋಟದಲ್ಲಿ ಬಂದರೂ ನಮ್ಮ ಮಕ್ಕಳ ಬಾಯಲ್ಲಿ ಅದು ಆಲೇ. ಕ್ಷೀರವೆಂಬುದು ಫಲಕದ ಮೇಲೆ ಇದ್ದುಕೊಂಡಿದೆ.

ಕೊನೆಯದಾಗಿ ಹೊತ್ತಿನ ಪ್ರಶ್ನೆ. ಶಾಲೆಗೊಂದು ಮೇಲುಸ್ತುವಾರಿ ಸಮಿತಿ 2001ರಿಂದಲೇ ಇದೆ, ಪೋಷಕರ ಸಭೆಗಳೂ ನಡೆಯುತ್ತವೆ. ಆದರೆ ಸಭೆಯನ್ನು ಹಗಲು ಹನ್ನೊಂದಕ್ಕೆ ಕರೆದರೆ ಬರುವವರು ಯಾರು? ಬತ್ತದ ಸೀಮೆಯಲ್ಲಿ ನಾಲೆಗೆ ನೀರು ಬಿಟ್ಟು ನಾಟಿ ಮೊದಲಾದ ಮೇಲೆ ಒಂದನೆಯ ತರಗತಿಯ ಅರ್ಧದಷ್ಟು ತಾಯಂದಿರು ಮೊಳಕಾಲುದ್ದ ಕೆಸರಿನಲ್ಲಿರುತ್ತಾರೆ. ಅಂದಿನ ಕೂಲಿಯನ್ನು ಬಿಟ್ಟು ಬರಬೇಕೆಂದು ಕೇಳುವ ಅಧಿಕಾರ ನಮಗಿಲ್ಲ. ದೀಪ ಹಚ್ಚುವ ಹೊತ್ತಿಗೆ, ಆ ಕೇರಿಯ ಜಗಲಿಗೇ ಅಧ್ಯಾಪಕರು ಹೋಗಿ ಕುಳಿತ ಊರುಗಳನ್ನು ನಾನು ಕಂಡಿದ್ದೇನೆ. ಅಲ್ಲಿ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಮಗು ರಾತ್ರಿ ಕನವರಿಸುವುದು, ಎಡಗೈಯಲ್ಲಿ ಬರೆಯುವುದು, ಹಿಂದಿನ ಬೆಂಚಿನಿಂದ ಹಲಗೆ ಕಾಣದಿರುವುದು, ಇವೆಲ್ಲ ಅಂಥ ಜಗಲಿಗಳಲ್ಲಿಯೇ ತಿಳಿದುಬಂದವು.

ನನ್ನ ದಾಖಲಾತಿಯ ಮೇಜಿಗೆ ಆ ಹೆಣ್ಣು ಮಗು ಎರಡು ವರ್ಷಗಳ ಮೇಲೆ ಮತ್ತೆ ಬಂದಿತು. ಈ ಸಲ ಅದರ ಕೈಯಲ್ಲಿ ತಮ್ಮನ ಕೈಯಿತ್ತು. ಇನ್ನೊಂದು ಕೈಯಲ್ಲಿ ನಾಲ್ಕಾಗಿ ಮಡಿಸಿದ ಜನನಪತ್ರ. ‘ಇವನನ್ನು ಸೇರಿಸಲು ಬಂದೆಯಾ? ಅಮ್ಮ ಎಲ್ಲಿ?’ ಎಂದು ಕೇಳಿದೆ. ‘ಅವ್ವ ಗೇಟ್ ತಾವ ನಿಂತವ್ಳೆ, ಒಳಕ್ಕೆ ಬರಾಕಿಲ್ಲ ಅಂದ್ಳು’ ಎಂದು, ತುಸು ತಡೆದು, ಹಕಾರವನ್ನು ಎಚ್ಚರಿಕೆಯಿಂದ ಒತ್ತಿ, ‘ತಮ್ಮ ಹಾಲು ಕುಡಿದು ಬಂದಿದ್ದಾನೆ, ಸಾರ್’ ಎಂದಿತು. ನಾನು ಕಾಗದಗಳನ್ನು ಬಿಟ್ಟು ಎದ್ದು ಹೊರಗೆ ಹೋಗುವಷ್ಟರಲ್ಲಿ ಆ ತಾಯಿ ಗದ್ದೆಬಯಲಿನ ದಾರಿ ಹಿಡಿದಾಗಿತ್ತು.