ಷೇರು ಪೇಟೆಗೆ ಹೊಸಬರು: ಮಾಡಬೇಕಾದ್ದು, ಮಾಡಬಾರದ್ದು

ಮೊದಲ ಬಾರಿ ಡಿಮ್ಯಾಟ್ ಖಾತೆ ತೆರೆಯುವವರು ಹಣ ಹಾಕುವ ಮುನ್ನ ಇದನ್ನು ಪೂರ್ತಿ ಓದಬೇಕು. ತಮ್ಮ ದುಡ್ಡಿನ ತೀರ್ಮಾನವನ್ನು ಬೇರೆಯವರ ಕೈಗೆ ಕೊಟ್ಟು ಕಳೆದುಕೊಳ್ಳುವ ಹೊಸಬರೇ ಹೆಚ್ಚು.

ಮಾಡಬೇಕಾದ್ದು

ಮೊದಲು ಸಾಲ ತೀರಿಸಿ. ಕ್ರೆಡಿಟ್ ಕಾರ್ಡ್ ಬಾಕಿ ಇರುವವರು ಷೇರಿನ ಯೋಚನೆಯನ್ನೇ ಮುಂದಕ್ಕೆ ಹಾಕಬೇಕು. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರಲಿ. ಮಗಳ ಮದುವೆಗೆ, ಮುಂದಿನ ವರ್ಷದ ಕಾಲೇಜು ಫೀಸಿಗೆ ಎತ್ತಿಟ್ಟ ಹಣ ಪೇಟೆಗೆ ಬರಕೂಡದು. 2008ರ ಜನವರಿಯಲ್ಲಿ 21,000 ಮುಟ್ಟಿದ ಸೆನ್ಸೆಕ್ಸ್, ಅದೇ ವರ್ಷ ಅಕ್ಟೋಬರಿನಲ್ಲಿ 8,000ಕ್ಕಿಂತ ಕೆಳಗಿಳಿದಿತ್ತು. ಮತ್ತೆ 21,000 ಕಾಣಲು 2010ರ ಕೊನೆಯವರೆಗೆ ಕಾಯಬೇಕಾಯಿತು. ಫೀಸು ಕಟ್ಟುವ ದಿನ ಅಷ್ಟು ಕಾಯುವುದಿಲ್ಲ.

ಬ್ರೋಕರ್ ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿತರೇ ಎಂಬುದನ್ನು ಸೆಬಿಯ ಜಾಲತಾಣದಲ್ಲೇ ನೋಡಿಕೊಳ್ಳಿ. ನೀವು ಕೊಂಡ ಷೇರು ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ ಡಿಪಾಸಿಟರಿಯಲ್ಲಿ ನಿಮ್ಮ ಹೆಸರಿನಲ್ಲಿ ಇರುತ್ತದೆ. ಅಲ್ಲಿಂದ ಬರುವ ಸ್ಟೇಟ್‌ಮೆಂಟನ್ನು ಬ್ರೋಕರ್ ಆ್ಯಪ್ ತೋರಿಸುವ ಲೆಕ್ಕದೊಂದಿಗೆ ತಾಳೆ ನೋಡಿ. ಸೋಮವಾರ ಕೊಂಡಿದ್ದು, ರಜೆ ಇಲ್ಲದಿದ್ದರೆ, ಮಂಗಳವಾರ ಖಾತೆಗೆ ಬಂದಿರಬೇಕು.

ನಾಮಿನಿ ಹೆಸರನ್ನು ಮೊದಲ ದಿನವೇ ಬರೆಸಿ. ಖಾತೆ ಇರುವುದು ಮನೆಯವರಿಗೆ ಗೊತ್ತಿರಲಿ.

ಷೇರು ಕೊಳ್ಳುವ ಮುನ್ನ ಆ ಕಂಪನಿ ಏನು ಮಾಡಿ ಸಂಪಾದಿಸುತ್ತದೆ ಎಂದು ಎರಡು ಮಾತಿನಲ್ಲಿ ಹೇಳಲು ಬರಬೇಕು. ಅದರ ಸಾಲ ಎಷ್ಟು, ಪ್ರವರ್ತಕರು ತಮ್ಮ ಷೇರುಗಳನ್ನು ಒತ್ತೆ ಇಟ್ಟಿದ್ದಾರೆಯೇ, ನೋಡಿ. ಇಷ್ಟಕ್ಕೂ ಪುರುಸೊತ್ತಿಲ್ಲದವರು ನಿಫ್ಟಿ 50 ಇಂಡೆಕ್ಸ್ ಫಂಡಿಗೆ ತಿಂಗಳಿಗಿಷ್ಟು ಎಂದು ಕಟ್ಟುತ್ತ ಹೋಗಲಿ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂದೇ ನಮ್ಮ ಅಭಿಪ್ರಾಯ.

ಮಾಡಬಾರದ್ದು

ಷೇರಿನ ಮುಂದಿನ ಬೆಲೆಯ ಮೇಲೆ ಮಾಡುವ ಒಪ್ಪಂದಗಳಾದ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಕಡೆ ತಲೆ ಹಾಕಬೇಡಿ. 2024ರ ಮಾರ್ಚ್‌ಗೆ ಮುಗಿದ ಮೂರು ಹಣಕಾಸು ವರ್ಷಗಳ ವಹಿವಾಟನ್ನು ಸೆಬಿಯೇ ಲೆಕ್ಕ ಹಾಕಿದೆ: ಅಲ್ಲಿ ವಹಿವಾಟು ನಡೆಸಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿಗೆ ನಷ್ಟ. ತಲಾ ನಷ್ಟ ಸರಾಸರಿ 2 ಲಕ್ಷ ರೂಪಾಯಿಯ ಆಸುಪಾಸು. ಒಟ್ಟು ನಷ್ಟ 1.8 ಲಕ್ಷ ಕೋಟಿ ಮೀರಿತು. ಉಳಿದ ಏಳು ಮಂದಿಯಲ್ಲಿ ತಾನೂ ಒಬ್ಬ ಎಂದು ಪ್ರತಿಯೊಬ್ಬರಿಗೂ ಅನ್ನಿಸುತ್ತದೆ. ನಷ್ಟ ಕಂಡವರಿಗೂ ಹಾಗೇ ಅನ್ನಿಸಿತ್ತು. ಬೆಳಿಗ್ಗೆ ಕೊಂಡು ಸಂಜೆಯೊಳಗೆ ಮಾರುವ ಇಂಟ್ರಾಡೇಯಲ್ಲೂ ಹತ್ತರಲ್ಲಿ ಏಳು ಮಂದಿ ಕಳೆದುಕೊಂಡಿದ್ದಾರೆ.

ಸಾಲ ತಂದು, ಚಿನ್ನ ಅಡವಿಟ್ಟು ಷೇರು ಕೊಳ್ಳಲೇಬಾರದು.

ಒಂದೇ ಕಂಪನಿಗೆ ಇದ್ದಬದ್ದದ್ದೆಲ್ಲ ಸುರಿಯಬೇಡಿ. 1993ರಲ್ಲಿ 95 ರೂಪಾಯಿಗೆ ಬಂದ ಬೆಂಗಳೂರಿನ ಇನ್ಫೋಸಿಸ್ ಷೇರು ಬೆಳೆದ ಕಥೆ ನಮ್ಮ ರಾಜ್ಯದಲ್ಲಿ ಎಲ್ಲರಿಗೂ ಗೊತ್ತು. ಅದೇ ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರಲ್ಲಿ ಹಾರಾಟ ನಿಲ್ಲಿಸಿತು, 2018ರಲ್ಲಿ ಅದರ ಷೇರು ಪೇಟೆಯ ಪಟ್ಟಿಯಿಂದಲೇ ಹೊರಬಿತ್ತು. ಅದನ್ನು ಹಿಡಿದುಕೊಂಡವರ ಕಥೆ ಯಾರೂ ಹೇಳುವುದಿಲ್ಲ. ಬಿದ್ದ ಷೇರು ಅಗ್ಗವಾಯಿತೆಂದು ಮತ್ತೆ ಮತ್ತೆ ಕೊಳ್ಳುವ ಮುನ್ನ, ಅದು ಏಕೆ ಬಿತ್ತು ಎಂದು ತಿಳಿದುಕೊಳ್ಳಿ.

ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳ ಟಿಪ್ಸ್ ನಂಬಬೇಡಿ. ವಂಚನೆ ನಡೆಯುವ ಬಗೆ ಹೀಗೆ: ಅಪರಿಚಿತರು ಗುಂಪಿಗೆ ಸೇರಿಸುತ್ತಾರೆ, ಲಾಭದ ಸ್ಕ್ರೀನ್‌ಶಾಟ್‌ಗಳು ಸಾಲಾಗಿ ಬರುತ್ತವೆ, ಆಮೇಲೆ ಒಂದು ಆ್ಯಪ್ ಹಾಕಿಸುತ್ತಾರೆ. ನಿಮ್ಮ 50,000 ಅಲ್ಲಿ ವಾರದಲ್ಲೇ ಲಕ್ಷವಾಗಿ ಕಾಣುತ್ತದೆ. ತೆಗೆಯಲು ಹೋದರೆ ಮೊದಲು ತೆರಿಗೆ ಕಟ್ಟಿ ಎನ್ನುತ್ತಾರೆ. ಷೇರು ಮಾರಿದ ಹಣ ಪಡೆಯಲು ಯಾವ ನೋಂದಾಯಿತ ಬ್ರೋಕರೂ ಹೀಗೆ ಮುಂಗಡ ಕೇಳುವುದಿಲ್ಲ. ವ್ಯಕ್ತಿಯ ಖಾತೆಗೆ ಹಣ ಹಾಕು ಎಂದವರು, ಖಚಿತ ಲಾಭದ ಮಾತಾಡಿದವರು ಕಳ್ಳರೆಂದೇ ತಿಳಿಯಿರಿ. ಒಟಿಪಿ, ಪಾಸ್‌ವರ್ಡ್ ಕೊಡಬೇಡಿ. ನಿಮ್ಮ ಖಾತೆಯನ್ನು ನಾನೇ ನಡೆಸುತ್ತೇನೆ ಎನ್ನುವ ಬಂಧುವಿಗೂ ಬೇಡ.

ಬ್ರೋಕರ್ ಮೇಲಿನ ದೂರು ಬ್ರೋಕರ್‌ನಲ್ಲೇ ಬಗೆಹರಿಯದಿದ್ದರೆ ಸೆಬಿಯ ಸ್ಕೋರ್ಸ್ ತಾಣದಲ್ಲಿ ಸಲ್ಲಿಸಿ. ಆನ್‌ಲೈನ್ ವಂಚನೆಯಾದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು. ಮನೆಯವರು ಏನೆಂದುಕೊಂಡಾರೋ ಎಂದು ದಯವಿಟ್ಟು ಮುಚ್ಚಿಡಬೇಡಿ.